ಸಪ್ಪೆ ಊಟದ ಹೊಟ್ಟೆಕಿಚ್ಚು

೧೯೮೧ರ ಬೇಸಿಗೆಯಲ್ಲಿ ಅಬ್ಬಾ ಕುತುಬುದ್ದೀನ್ ಮಾನ್ವಿಯ ತನ್ನ ಹತ್ತಿಬೀಜದ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಇನ್ನೂ ನಲವತ್ತು ತುಂಬಿರಲಿಲ್ಲ. ಆವತ್ತಿನಿಂದ ಮಗಳು ಮಹಬೂಬೀಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು.

ರಾಯಚೂರಿನ ಡಾಕ್ಟರು ತಾಯಿ ಖತೀಜಾ ಬೀಯನ್ನು ಒಬ್ಬಳನ್ನೇ ಒಳಗೆ ಕರೆದು ಏನೇನೋ ಹೇಳಿದ್ದರು. ಮನೆಗೆ ಬಂದವಳೇ ಆಕೆ ಮಗ ಬಂದೇನವಾಜನ ಬೀಡಿ ಕಟ್ಟು ಒಲೆಗೆ ಹಾಕಿದಳು. ಅವನಿಗೆ ಅಡುಗೆಯೇ ಬೇರೆಯಾಯಿತು. ಉಪ್ಪು ಕಡಿಮೆಯ ಬೇಳೆ, ಪುಂಡಿಪಲ್ಯ, ಜೋಳದ ರೊಟ್ಟಿ, ಕೊನೆಗೊಂದು ಪೇರಲ ಹಣ್ಣು. ಬೆಳಿಗ್ಗೆ ಕೆರೆಯವರೆಗೆ ನಡೆದು ಬರಬೇಕು. ತಡವಾದರೆ ತಾಯಿ ಬಾಗಿಲಲ್ಲೇ ನಿಂತಿರುವಳು.

ಅಣ್ಣನ ಪಾಲಿನ ಮಿರ್ಚಿ ಭಜಿ, ಎಣ್ಣೆ ತೇಲುವ ಸಾಲನ್, ಉಪ್ಪಿನಕಾಯಿ ಎಲ್ಲ ಮಹಬೂಬೀ ತಟ್ಟೆಗೆ.

"ತಿನ್ನು ಬೇಟಿ, ನಿನಗೇನಾಗ್ಯದ? ಮೈ ತುಂಬಿಕೊಂಡ್ರ ದೇವದುರ್ಗದ ಬೀಗರು ಮೆಚ್ಚತಾರ."

ಭಜಿ ಯಾರಿಗೆ ಬೇಕಿತ್ತು? ಅಣ್ಣನಿಗಾಗಿ ತಾಯಿ ಪಡುವ ಭಯದಲ್ಲಿ ತನಗೂ ಒಂದು ಪಾಲು ಬೇಕಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಅವನ ಎದೆ ಗಾಜು, ತನ್ನದು ಕಲ್ಲೇ? ಒಮ್ಮೆ ಬೇಕಂತಲೇ, "ಅಮ್ಮೀ, ನನಗೂ ಎದಿ ಹಿಡ್ಯಾಕತ್ತದ" ಎಂದಳು.

ತಾಯಿ ಓಡಿಬಂದು ಅವಳ ಬಾಯಿ ಮುಚ್ಚಿದಳು. "ಮೆಲ್ಲಗ ಬೇ! ಯಾರರ ಕೇಳಿಸ್ಕೊಂಡ್ರ ನಿಕಾ ಮುರೀತದ."

ಮದುವೆ ಬಟ್ಟೆಗೆಂದು ಮೂವರೂ ರಾಯಚೂರಿಗೆ ಹೋದಾಗ, ಅಣ್ಣನನ್ನು ತೋರಿಸಲು ದವಾಖಾನೆಗೂ ಹೋದರು. ಡಾಕ್ಟರು ಅವನ ಬಿ.ಪಿ. ನೋಡಿ ಬೆನ್ನು ತಟ್ಟಿದರು. ಆಮೇಲೆ ಮಹಬೂಬೀ ಕಡೆ ತಿರುಗಿದರು.

"ನೀನೂ ಉಪ್ಪು, ಎಣ್ಣಿ ಕಡಿಮಿ ಮಾಡೀಯೇನವ್ವಾ? ಇಬ್ಬರು ಮಕ್ಕಳಿಗೂ ಪಥ್ಯ ಅಂತ ನಿಮ್ಮಮ್ಮಗ ಅಂದೇ ಹೇಳಿದ್ನಲ್ಲಾ."

ಖತೀಜಾ ಬೀ ಬುರ್ಖಾದ ಅಂಚು ತಿರುವುತ್ತ ನೆಲ ನೋಡಿದಳು. ಡಾಕ್ಟರು ಮಹಬೂಬೀ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹಾಕಿದರು. "ಅಣ್ಣಗಿಂತ ನಿಂದೇ ಜಾಸ್ತಿ ಅದ. ಸಣ್ಣ ವಯಸ್ಸು, ಇವತ್ತಿಂದ ಪಥ್ಯ ಹಿಡಿದ್ರ ಇಳೀತದ."

ಹುಟ್ಟಿದಾಗಿನಿಂದ ಅಣ್ಣನಿಗಿಂತ ಹೆಚ್ಚಾಗಿ ಆಕೆಗೆ ಸಿಕ್ಕಿದ್ದು ಇದೊಂದೇ. ನಗು ಬಂತು, ಅದರ ಹಿಂದೆಯೇ ಸುಡುಸುಡು ಸಿಟ್ಟು ಬಂತು.

ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂಡುವುದು ಆ ಮನೆಯ ರಿವಾಜು. ಮಾನ್ವಿಗೆ ಮರಳಿ ಊಟಕ್ಕೆ ದಸ್ತರ್‌ಖಾನ್ ಹಾಸಿದ ಕೂಡಲೇ ಮಹಬೂಬೀ ಅಣ್ಣನ ಎದುರಿಗೇ ಕೂತು ಅವನ ತಟ್ಟೆ ಎಳೆದುಕೊಂಡಳು.

"ದೇವದುರ್ಗದವರಿಗೆ ಗೊತ್ತಾದ್ರ ಏನಂತಾರ?" ತಾಯಿ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಏನರ ಅನ್ಲಿ. ನಿಕಾ ಆಗಾಕ ನಾ ಉಳಿದಿರಬೇಕಲ್ಲಾ, ಅಮ್ಮೀ."

ಬಂದೇನವಾಜ ರೊಟ್ಟಿ ಮುರಿದು ತಂಗಿಯ ಕಡೆ ಸರಿಸಿದ. ಬೇಳೆ ಬಾಯಿಗಿಟ್ಟರೆ, ಥೂ, ಸಪ್ಪೆ! ಇದಕ್ಕಾಗಿಯೇ ಇಷ್ಟು ದಿನ ಉರಿದು ಸತ್ತೆನಲ್ಲಾ ಎನಿಸಿತು. ಆದರೂ ತಟ್ಟೆ ಬಿಡಲಿಲ್ಲ.

ತಲೆ ಎತ್ತಿದರೆ ತಾಯಿ ತನ್ನನ್ನೇ ನೋಡುತ್ತಿದ್ದಳು, ಅಣ್ಣನನ್ನು ನೋಡುವ ಅದೇ ಭಯದಿಂದ. ಮಹಬೂಬೀಗೆ ಈಗ ಅದು ಬೇಡವಾಗಿತ್ತು.