ಗಾಳಿ ಹೋದ ದಾರಿ

ಅಬ್ಬಾನ ಶವ ಹೊತ್ತ ಜನಾಜಾ ಗಲ್ಲಿಯ ತಿರುವು ದಾಟಿತು. ಹೊಸ್ತಿಲವರೆಗೂ ಓಡಿಬಂದಿದ್ದ ಸಾಬ್ರೀನ್‌ಳನ್ನು ತಾಯಿ ದಿಲ್ಷಾದ್ ಬೇಗಂ ತೋಳು ಹಿಡಿದು ನಿಲ್ಲಿಸಿದರು. ಹೆಗಲು ಕೊಟ್ಟವರ ನಡುವೆ ಅವಳ ತಮ್ಮ ತಬ್ರೇಜ್‌ನ ಬಿಳಿ ಟೋಪಿ ಒಮ್ಮೆ ಕಂಡು ಮರೆಯಾಯಿತು.

ಅಬ್ಬಾ ಖಾಜಾ ಪೀರ್ ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಅವರಿಗೆ ಗೂಡು ಮಾರುತ್ತಿದ್ದ ಮೇಲೂರಿನ ವೆಂಕಟರಾಮಪ್ಪ, ಮಂಡಿನೋವಿನಿಂದ ಹಿಂದುಳಿದು ಬಾಗಿಲಾಚೆ ಕುರ್ಚಿಯಲ್ಲಿ ಕೂತಿದ್ದರು.

"ನಿಮ್ಮಪ್ಪ ಸಿಕ್ಕಿದ್ರೆ ಸಾಕು, ‘ಮಂಗಳ ಗ್ರಹದಲ್ಲಿ ಇವತ್ತು ಧೂಳೆದ್ದೈತೆ ಯಜಮಾನ್ರೇ’ ಅನ್ನೋರು," ಎಂದರು. "‘ಅಲ್ಲಿ ಮಳೆ ಯಾವಾಗ ಸಾಬ್ರೇ?’ ಅಂತ ನಾವು ನಗ್ತಿದ್ವಿ. ‘ನನ್ನ ಹೆಸರು ಮಗಳ ಬರಹದಲ್ಲಿ ಅಚ್ಚಾಗೈತೆ’ ಅಂತ ಮಾರ್ಕೆಟ್ಟಲ್ಲಿ ಎಲ್ರಿಗೂ ಟೀ ಕುಡಿಸಿದ್ರಮ್ಮ."

ಸಾಬ್ರೀನ್ ತಲೆ ತಗ್ಗಿಸಿದಳು.

*

ಮೂರು ವರ್ಷದ ಹಿಂದೆ, ಗ್ರಹಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಸಾಬ್ರೀನ್ ರಜೆಗೆ ಮನೆಗೆ ಬಂದಾಗ, ಮಂಗಳನನ್ನು ಸುತ್ತುವ ನೌಕೆ ತೆಗೆದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೂತಿದ್ದಳು. ಬಯಲ ತುಂಬ ಕಪ್ಪು ಗೆರೆಗಳು. ನೆಲದ ಬಿರುಕೆಂದು ಗುರುತು ಹಾಕುತ್ತಿದ್ದಳು. ಬೇಯುವ ಗೂಡಿನ ಹಬೆಯಲ್ಲಿ ಎಳೆ ಹುಡುಕಿ ಪಳಗಿದ್ದ ಅಬ್ಬಾ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಬಿರುಕಲ್ಲ ಬೇಟಿ. ಈ ಗೆರೆ ನೋಡು, ಗುಂಡಿಗೆ ಇಳಿದು ಆಚೆ ಹತ್ತಿದೆ, ಎಲ್ಲೂ ಕಡಿದಿಲ್ಲ. ಸುಂಟರಗಾಳಿ ಧೂಳು ಎತ್ತಿಕೊಂಡು ಹೋದ ದಾರಿ ಇದು."

ಮುಂದಿನ ತಿಂಗಳುಗಳ ಚಿತ್ರಗಳಲ್ಲಿ ಆ ಗೆರೆಗಳು ಅಳಿಸಿ ಬೇರೆ ಕಡೆ ಮೂಡಿದ್ದವು. ಬಿರುಕು ಜಾಗ ಬದಲಿಸುವುದಿಲ್ಲ. ಆ ಬಯಲಿನ ಗಾಳಿಯೇ ಅವಳ ಮೊದಲ ಪ್ರಬಂಧವಾಯಿತು. ಅದರ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅಬ್ಬಾನ ಹೆಸರು ಬರೆದಳು. ನೂಲು ತೆಗೆಯುವವರು ಇದರಲ್ಲಿ ಯಾಕೆ ಎಂದು ಯಾರಾದರೂ ನಕ್ಕಾರೆಂದು, ಕಳಿಸುವ ಮುಂಚೆ ಅಳಿಸಿದಳು. ತಮ್ಮ ಹೆಸರಿದೆಯಾ ಎಂದು ಅಬ್ಬಾ ಕೇಳಿದಾಗ ಮಾತ್ರ, "ಇದೆ ಅಬ್ಬಾ," ಎಂದಿದ್ದಳು.

*

"ಅವರ ಹೆಸರು ಅದರಲ್ಲಿಲ್ಲ," ಎಂದಳು ಸಾಬ್ರೀನ್. "ನಾನೇ ತೆಗೆದುಬಿಟ್ಟೆ. ಅವರಿಗೆ ಸುಳ್ಳು ಹೇಳಿದೆ."

ವೆಂಕಟರಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

"ಗೊತ್ತಿತ್ತಮ್ಮ ಅವ್ರಿಗೆ. ತಬ್ರೇಜ್ ಕೈಲಿ ಓದಿಸಿದ್ರಂತೆ. ಟೀ ಕುಡಿಸಿದ್ದು ಅದಾದ್ಮೇಲೆ."

"ಆದ್ಮೇಲಾ?"

"ನಂಗೊಬ್ಬಂಗೆ ಹೇಳಿದ್ರು. ‘ಮತ್ಯಾಕ್ ಸಾಬ್ರೇ ಈ ಟೀ’ ಅಂದೆ. ‘ಸುಮ್ನಿರಿ ಯಜಮಾನ್ರೇ, ಐತೆ ಅಂತ ಮಗಳು ಹೇಳವ್ಳೆ’ ಅಂದ್ರು."

ಅವಳು ಮೆಟ್ಟಿಲ ಮೇಲೆ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಖಬರಸ್ತಾನಕ್ಕೆ ಹೋದವರು ಹಿಂದಿರುಗಿದರು. ತಬ್ರೇಜ್ ಬಚ್ಚಲ ಬಳಿ ಬಂದು, ಗೋರಿಗೆ ಮಣ್ಣು ಹಾಕಿದ ಕೈ ಚಾಚಿದ. ಸಾಬ್ರೀನ್ ಚೆಂಬಿನಿಂದ ನೀರು ಹೊಯ್ದಳು. ಉಗುರಿನ ಸಂದಿಯ ಕೆಂಪುಮಣ್ಣು ಬಿಡಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಉಜ್ಜಿದಳು. ನೀರು ತಿಳಿಯಾಗುವ ಮೊದಲೇ ಚೆಂಬು ಬರಿದಾಯಿತು.