ಮೂರು ಫ್ಯಾನು, ನಾಲ್ಕು ನಕ್ಷತ್ರ

“ಯಾಕಬೇ, ಇಲ್ಲಿ ಫ್ಯಾನ್ ಹಚ್ಚಂಗಿಲ್ಲೇನು?”

ಸೀರೆ ಅಂಗಡಿಯ ಮೇಲಂತಸ್ತಿನಲ್ಲಿ ಕೂತಿದ್ದ ಸಾವಂತ್ರೆವ್ವ ಹಲ್ಲಿನಲ್ಲಿ ರೇಷ್ಮೆ ಎಳೆ ಕಚ್ಚಿಕೊಂಡೇ ತಲೆಯೆತ್ತಿದಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರು ಎಳೆ ಬಿಡಿಸುವ ಹದಿನೈದು ನಿಮಿಷ ಫ್ಯಾನ್ ಆರಿಸಲೇಬೇಕು. ಗಾಳಿಗೆ ಎಳೆ ಸಿಕ್ಕಾದರೆ ದಿನದ ಕೆಲಸ ಮಣ್ಣುಪಾಲು.

“ಬ್ಯಾಡ್ರಿ ಸರ್, ಎಳಿ ಹಾರತಾವ,” ಅಂದಳು.

ಪ್ರಶ್ನೆ ಕೇಳಿದ್ದ ಸಂದೀಪ ‘ಇಲ್ಲಿ ಫ್ಯಾನ್ ಬೇಡ’ ಎಂದಷ್ಟನ್ನೇ ಬರೆದುಕೊಂಡ. ಯಾವ ಕಟ್ಟಡ ಎಷ್ಟು ಕರೆಂಟ್ ತಿನ್ನುತ್ತದೆಂದು ಅಳೆದು ನಕ್ಷತ್ರ ಹಂಚುವುದು ಆತನ ಉದ್ಯೋಗ. ಏಪ್ರಿಲ್ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿದ್ದರೂ ಆ ಮಹಾಶಯ ಮೇಲಿನ ತಗಡಿನ ಚಾವಣಿಯತ್ತ ಕಣ್ಣೆತ್ತಲಿಲ್ಲ. ಎರಡೇ ನಿಮಿಷಕ್ಕೆ ಕೆಳಗಿನ ಎಸಿಗೆ ಓಡಿದ.

ಅಂಗಡಿ ಮಾಲೀಕ ಗುರುನಾಥ ಸಾಹುಕಾರರಿಗೆ ನಿದ್ದೆಯಿರಲಿಲ್ಲ. ಬೈಲಹೊಂಗಲದಲ್ಲಿ ಬೀಗರ ಅಂಗಡಿಗೆ ಮೂರು ನಕ್ಷತ್ರ ಬಂದುಬಿಟ್ಟಿತ್ತು. ರಾಮದುರ್ಗದಲ್ಲಿ ನಾಲ್ಕಾದರೂ ಬೇಡವೇ? ಗಿರಾಕಿಗಳ ಎಸಿ ಆರಿಸಿದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಉಳಿತಾಯ ಮೇಲಂತಸ್ತಿನಿಂದ ಶುರುವಾಯಿತು. ಸಂದೀಪನ ಬರಹ ಓದಿದ ಮರುದಿನವೇ ಅಲ್ಲಿನ ಮೂರು ಫ್ಯಾನುಗಳನ್ನು ಇಳಿಸಿದರು.

ನಾಲ್ಕು ನಕ್ಷತ್ರದ ಪ್ರಮಾಣಪತ್ರ ಬಂತು. ಅದಕ್ಕೆ ಕಟ್ಟು ಹಾಕಿಸಿ, ಮಾಲೆ ಹಾಕಿ, ಕಾಯಿ ಒಡೆದರು. ಮೇಲಿನ ಹೆಂಗಸರಿಗೆ ಒಂದೊಂದು ಪೇಡೆ.

ಆ ವಾರದಲ್ಲಿ ಸಾವಂತ್ರೆವ್ವನ ಬೆವರು ತೊಟ್ಟಿಕ್ಕಿ ಎರಡು ಸೀರೆಗಳಿಗೆ ಕಲೆಯಾಯಿತು. ಮೂರನೆಯದಾದರೆ ಕೆಲಸವಿಲ್ಲ ಎಂದು ಸಾಹುಕಾರರು ಹೇಳಿಕಳಿಸಿದರು. ಹದಿನೆಂಟು ವರ್ಷದಲ್ಲಿ ಆಕೆಯ ಕೈಯಿಂದ ಒಂದು ಸೀರೆಯೂ ಕೆಟ್ಟಿರಲಿಲ್ಲ. ಅವಮಾನ ನುಂಗಿಕೊಂಡು ಕೆಳಗಿಳಿದಳು.

“ಸಾವಕಾರ್ರ, ಒಂದರ ಫ್ಯಾನ್ ಹಾಕಸ್ರಿ.”

“ನೀನ ಬ್ಯಾಡ ಅಂದಿಯಲ್ಲ? ಬರದಾರ ನೋಡು.”

“ಎಳಿ ಬಿಡಸೂವಾಗ ಅಷ್ಟ ಬ್ಯಾಡ ಅಂದಿದ್ನಿರಿ.”

“ಅವಾಗ ಪೂರಾ ಹೇಳಬೇಕಿತ್ತು. ಈಗ ಹಾಕಿದ್ರ ನಕ್ಷತ್ರ ಉದರತಾವ. ಸೆರಗಿಲೆ ಒರಸ್ಕೊಂತ ಕೂಡು.”

ಇಷ್ಟು ಬುದ್ಧಿಯುಳ್ಳವರು ನಾಲ್ಕಕ್ಕೇಕೆ ನಿಲ್ಲಬೇಕು? ಇಡೀ ಆಕಾಶವನ್ನೇ ಬರೆಸಿಕೊಳ್ಳಬಹುದಿತ್ತು.

ಸಂಜೆ ಸಾಲಹಳ್ಳಿ ಬಸ್ಸಿಗೆಂದು ಹೊರಬಿದ್ದವಳು ಅಂಗಡಿಯ ಮುಂದಿನ ಗಾಜಿನೆದುರು ನಿಂತಳು. ಒಳಗೆ ರೇಷ್ಮೆ ಸೀರೆ ಉಟ್ಟ ಬೊಂಬೆಗಳು. ಅವುಗಳ ತಲೆಯ ಮೇಲೆ, ರೆಕ್ಕೆಗೆ ಸುಣ್ಣ ಹತ್ತಿದ ಅವೇ ಮೂರು ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಸೆರಗು ಹಾರಾಡಿದರೆ ಗಿರಾಕಿ ತಿರುಗಿ ನೋಡುತ್ತಾರಂತೆ.

ಸಾವಂತ್ರೆವ್ವ ಕುತ್ತಿಗೆ ಒರೆಸಿಕೊಂಡು ಗಾಜಿಗೆ ಮುಖ ತಂದು ನೋಡಿದಳು. ಆಕೆ ಕಟ್ಟಿದ ಕುಚ್ಚುಗಳೇ ಆ ಗಾಳಿಗೆ ಕುಣಿಯುತ್ತಿದ್ದವು. ಒಂದು ಗಂಟೂ ಸಡಿಲಾಗಿರಲಿಲ್ಲ.