ಕೆಳಗಿನ ಭುಜ

ಮೂರನೇ ಮಹಡಿಗೆ ಕಬ್ಬಿಣದ ತಿಜೋರಿ ಏರಿಸಬೇಕಿತ್ತು. ಮೇಸ್ತ್ರಿ ವಾಡಿಕೆಯಂತೆ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ಚಹಾದ ಜೊತೆ ಬಿಸ್ಕತ್ತು ಕೊಡುವಷ್ಟು ಸಲೀಸಾಗಿ ಹಂಚತೊಡಗಿದ. ಭುಜದ ನೋವಿಗೆಂದು ಶುರುವಾದದ್ದು. ಈಗ ಸಾಮಾನು ಸಾಗಿಸುವ ಆ ಕಂಪನಿಯ ಏಳು ತಂಡಗಳಲ್ಲಿ ಅದನ್ನು ನುಂಗದ ತಂಡ ಒಂದೂ ಇರಲಿಲ್ಲ. ರಜೆಯ ದಿನವೂ ನುಂಗುತ್ತಿದ್ದರು.

ಎಲ್ಲರೂ ಮಾವ ಎಂದು ಕರೆಯುವ ಹಿರಿಯ ಹಮಾಲಿ ಕೈ ಚಾಚಲಿಲ್ಲ. ಎಂಟು ತಿಂಗಳ ಹಿಂದಿನವರೆಗೆ ದಿನಕ್ಕೆ ಹದಿನಾಲ್ಕು ನುಂಗುತ್ತಿದ್ದವನು ಅವನೇ. ಅದನ್ನು ಬಿಡುವಾಗ ಆಸ್ಪತ್ರೆಯ ಮಂಚದ ಕಂಬಿ ಹಿಡಿದು ಹನ್ನೆರಡು ದಿನ ನಡುಗಿದ್ದ. ಅದಕ್ಕಿಂತ ದೊಡ್ಡ ಉರಿ ಬೇರೆಯೇ ಇತ್ತು. ಮಗಳ ಗಂಡನನ್ನು ಈ ಕೆಲಸಕ್ಕೆ ಕರೆತಂದು ಮೊದಲ ಮಾತ್ರೆ ಅಂಗೈಗೆ ಹಾಕಿದ್ದವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ ಅಳಿಯ ಈಗ ಬೆಳಿಗ್ಗೆ ಮಾತ್ರೆ ಬೀಳುವ ತನಕ ಅಂಗಿಯ ಗುಂಡಿ ಹಾಕಿಕೊಳ್ಳಲಾರ.

ಮಾವ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ಮೆಟ್ಟಿಲಲ್ಲಿ ಭಾರವೆಲ್ಲ ಬೀಳೋ ಕೆಳಗಿನ ಭುಜ ನಂದು. ನುಂಗಿದವರ ಕೆಳಗೆ ನಾನು ನಿಲ್ಲಲ್ಲ."

"ಕೈಲಾಗದವನು ಮೈ ಪರಚಿಕೊಂಡನಂತೆ," ಎಂದ ಮೇಸ್ತ್ರಿ. "ವಯಸ್ಸಾಯ್ತು ಅನ್ನು, ಬಿಟ್ಟುಬಿಡ್ತೀನಿ."

"ವಯಸ್ಸಾಗಿದೆ, ಬುದ್ಧಿ ತಡವಾಗಿ ಬಂತು. ಭುಜ ಸೋತವನು 'ಇಳಿಸಿ' ಅಂತ ಕೂಗ್ಬೇಕು, ಎಲ್ಲರೂ ಇಳಿಸ್ಬೇಕು. ನಮ್ಮ ಕೆಲಸ ನಡೆಯೋದೇ ಹಾಗೆ. ನೋವೇ ಗೊತ್ತಾಗದವನು ಏನಂತ ಕೂಗ್ತಾನೆ? ಹೋದ ತಿಂಗಳು ಗಡ್ಡಪ್ಪನ ಪಾದದ ಮೇಲೆ ಬೀರು ಕೂತಿತ್ತು. ಹಾಗೇ ಹತ್ತಿದ. ಬೆರಳು ಜಜ್ಜಿದ್ದು ಗೊತ್ತಾಗಿದ್ದು ಸಂಜೆ ಬೂಟು ಬಿಚ್ಚಿದಾಗ."

ಗಡ್ಡಪ್ಪ ಇನ್ನೂ ಕೆಲಸಕ್ಕೆ ಮರಳಿರಲಿಲ್ಲ.

ಅಳಿಯ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. "ಮಾವ, ಇದಿಲ್ದೆ ನನ್ನ ಕೈಲಾಗಲ್ಲ. ನಡುಕ ಬರತ್ತೆ."

"ಬರತ್ತೆ. ನನಗೆ ಹಲ್ಲೂ ಕಟಕಟ ಅಂದಿತ್ತು. ನಿನ್ನ ಕೈಲಿ ತಿಜೋರಿ ಹೊರಿಸಲ್ಲ ನಾನು. ನಡಿ, ಡಾಕ್ಟ್ರ ಹತ್ರ ಹೋಗೋಣ. ಬಿಡಿಸೋದಕ್ಕೂ ಒಂದು ಕ್ರಮ ಇದೆ, ಅವರಿಗೆ ಗೊತ್ತು."

"ಈಗ ಹೋದ್ರೆ ಇಬ್ಬರೂ ನಾಳೆ ಬರಬೇಡಿ," ಎಂದ ಮೇಸ್ತ್ರಿ. ಬಾಗಿಲಿಗೆ ಅಡ್ಡವಾಗಿದ್ದ ತಿಜೋರಿಯ ಆಚೆ ಮನೆಯ ಯಜಮಾನರು ಕೊಡೆ ಹಿಡಿದು, ದಾಟುವ ದಾರಿ ಕಾಣದೆ ನಿಂತಿದ್ದರು.

"ಇವನು ಒಂದು ತಿಂಗಳು ಬರಲ್ಲ. ನಾನು ನಾಳೆ ಬರ್ತೀನಿ. ಕಂಪನಿ ಗೇಟಿನ ಹೊರಗೆ ನಿಂತು ಏಳೂ ತಂಡಕ್ಕೆ ಇದನ್ನೇ ಹೇಳ್ತೀನಿ. ಬೀದಿಯೇನು ನಿನ್ನಪ್ಪಂದಾ?"

ಅಳಿಯ ಮಾವನನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. ಆಮೇಲೆ ಮಾತ್ರೆಯನ್ನು ತಿಜೋರಿಯ ನೆತ್ತಿಯ ಮೇಲಿಟ್ಟ, ಮೆಲ್ಲಗೆ, ಎಲ್ಲಿ ಉರುಳಿ ಬಿದ್ದೀತೋ ಎಂಬಂತೆ. ಇಬ್ಬರೂ ಬೀದಿಗಿಳಿದರು.

ತಿರುವು ದಾಟುವ ಮೊದಲೇ ಅಳಿಯನ ಹಣೆಯ ಮೇಲೆ ಬೆವರೊಡೆದಿತ್ತು. "ಮಾವ, ಇನ್ನರ್ಧ ಗಂಟೆಗೆ ನಾನೇ ನಿಮ್ಮ ಕಾಲು ಹಿಡಿದು ಒಂದೇ ಒಂದು ಕೊಡಿಸಿ ಅಂತೀನಿ."

"ಅನ್ನು."

"ಬೈತೀನಿ."

"ಬೈಯಿ. ಇಲ್ಲ ಅಂತಾನೇ ಇರ್ತೀನಿ. ನನಗಿನ್ನೇನು ಕೆಲಸ, ಇದ್ದದ್ದನ್ನ ಮೇಸ್ತ್ರಿ ಈಗಷ್ಟೇ ಬಿಡಿಸಿದನಲ್ಲ," ಎಂದು ಮಾವ ಅಳಿಯನ ತೋಳಿನ ಕೆಳಗೆ ತನ್ನ ಭುಜ ಕೊಟ್ಟ.